ತೆಂಗು ತಡವಾಗಿ ಕೊಡುವ ಉತ್ತರ

ಅರಸೀಕೆರೆ ಕಡೆ ತೆಂಗಿನ ತೋಟ ನೋಡಿಕೊಳ್ಳುವ ನಾನು ತಪ್ಪು ಪಾಠಗಳನ್ನೇ ಮೊದಲು ಕಲಿತೆ. ಫಲ ತಡವಾಗಿ ಬರುವ ಕೆಲಸದಲ್ಲಿ ಹಾಗಾಗುವುದು ಸುಲಭ.

1. ಇಂದಿನ ಫಸಲಿಗೆ ನಿನ್ನೆಯ ಕೆಲಸವನ್ನು ಗಂಟು ಹಾಕಬೇಡಿ.
ತೋಟ ಕೈಗೆ ಬಂದ ಹೊಸದರಲ್ಲಿ ಗೊಬ್ಬರ ಹಾಕಿ ಮರುವರ್ಷ ಕಾಯಿ ಎಣಿಸಿದೆ, ಹೆಚ್ಚಿರಲಿಲ್ಲ. ದುಡ್ಡು ದಂಡವೆಂದು ನಿಲ್ಲಿಸಿದೆ. ಆಮೇಲೆ ಕಾಯಿ ಹೆಚ್ಚಿತು! ಗೊಬ್ಬರ ಬೇಡವೆಂಬ ನಂಬಿಕೆ ಗಟ್ಟಿಯಾಯಿತು. ಅದು ಹಿಂದೆ ಹಾಕಿದ್ದರ ಫಲವೆಂದು ತಿಳಿಯುವಷ್ಟರಲ್ಲಿ ಗರಿ ಹಳದಿಗೆ ತಿರುಗಿ ಗೊನೆ ಬಡವಾಗಿದ್ದವು. ಹೊಂಬಾಳೆ ಒಡೆಯುವುದಕ್ಕೆ ಸುಮಾರು 32 ತಿಂಗಳು ಮೊದಲೇ ಅದರ ಮೊಗ್ಗು ಸುಳಿಯೊಳಗೆ ಕಟ್ಟಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯಲು ಇನ್ನೂ 12 ತಿಂಗಳು. 2023ರಲ್ಲಿ ಮಳೆ ಕೈಕೊಟ್ಟಾಗಲೂ ಮರಗಳು ಎಂದಿನಂತೆ ಕಾಯಿ ಕೊಟ್ಟವು. ಪೆಟ್ಟು ಚೆನ್ನಾಗಿ ಕಂಡದ್ದು 2025ರ ಗೊನೆಗಳಲ್ಲಿ.

2. ತಡವಾದಷ್ಟೂ ತಪ್ಪು ಕಾರಣ ಮನಸ್ಸಿಗೆ ಹತ್ತಿರವಾಗುತ್ತದೆ.
ಬುಡಕ್ಕೆ ಉಪ್ಪು ಹಾಕಿದ ವರ್ಷ ಕಾಯಿ ತುಂಬಿ ಬಂತು. ಎಷ್ಟೋ ಕಾಲ ಉಪ್ಪನ್ನೇ ನಂಬಿದೆ. ಉಪ್ಪು ಕೆಟ್ಟದ್ದೆಂದು ಹೇಳುತ್ತಿಲ್ಲ, ಆ ಫಸಲು ಅದರದ್ದಲ್ಲ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪಾರಿವಾಳಗಳಿಗೆ ಅವು ಏನೇ ಮಾಡಲಿ, ನಿಗದಿತ ಹೊತ್ತಿಗೆ ಕಾಳು ಸಿಗುತ್ತಿತ್ತು. ಕಾಳು ಬಂದ ಗಳಿಗೆಯಲ್ಲಿ ಮಾಡುತ್ತಿದ್ದುದನ್ನೇ ಅವು ಮತ್ತೆ ಮತ್ತೆ ಮಾಡತೊಡಗಿದವು. ಅದೇ ವರ್ಷ ಗ್ರೈಸ್ ಎಂಬ ಸಂಶೋಧಕರು ಇಲಿಗಳಿಗೆ ಬಹುಮಾನವನ್ನು ಕೆಲವೇ ಸೆಕೆಂಡು ತಡವಾಗಿ ಕೊಟ್ಟರೂ ಕಲಿಕೆ ತೀರಾ ನಿಧಾನವಾಗುವುದನ್ನು ತೋರಿಸಿದರು. ನಮ್ಮದು ಸೆಕೆಂಡುಗಳ ಮಾತಲ್ಲ, ವರ್ಷಗಳದ್ದು. ಮನುಷ್ಯನಿಗೆ ಆ ಅಂತರ ದಾಟಲು ಮಾತಿದೆ, ಬರಹವಿದೆ.

3. ಬರೆದಿಡಿ.
ಯಾವ ಸಾಲಿಗೆ ಯಾವಾಗ ನೀರು, ಎಷ್ಟು ಗೊಬ್ಬರ ಎಂಬ ಪುಸ್ತಕ ಇಟ್ಟ ಮೇಲೆಯೇ ನನ್ನ ಉಪ್ಪಿನ ನಂಬಿಕೆ ಸಡಿಲವಾದದ್ದು. ನೆನಪನ್ನು ನಂಬಬೇಡಿ, ಒಳ್ಳೆಯ ಫಸಲು ಬಂದಾಗ ಅದು ನಮಗೆ ಬೇಕಾದ ಕಾರಣವನ್ನೇ ಹುಡುಕಿ ತರುತ್ತದೆ.

4. ನಡುದಾರಿಯ ಗುರುತುಗಳನ್ನು ನೋಡಿ.
ವರ್ಷಕ್ಕೆ ಮರವೊಂದಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಇಷ್ಟು ಹಾಕಿ ಮೂರು ವರ್ಷ ಕಾಯಿರಿ ಎಂದರೆ ತೋಟಕ್ಕೆ ಹೊಸದಾಗಿ ಬಂದ ಹುಡುಗನಿಗೆ ಉತ್ಸಾಹ ಉಳಿಯುವುದಿಲ್ಲ. ಒಳ್ಳೆಯ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ. ಹೊಸ ಗರಿ ಎಣಿಸು, ಬಣ್ಣ ನೋಡು, ಉದುರಿದ ಹೀಚು ಆರಿಸಿ ಲೆಕ್ಕವಿಡು ಎಂದರೆ ಅವನಿಗೆ ಪ್ರತಿ ತಿಂಗಳೂ ಏನಾದರೂ ಉತ್ತರ ಸಿಗುತ್ತದೆ.

5. ಅಟ್ಟದಲ್ಲೂ ಗುರುತು ಹಾಕಿ.
ಉಂಡೆ ಕೊಬ್ಬರಿಯಾಗಲು ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಬೇಕು. ಬಲಿಯದ ಕಾಯಿ ಸೇರಿಸಿದ ತಪ್ಪು ಸುಲಿದು ಒಡೆದಾಗಲೇ ತಿಳಿಯುವುದು. ಕೊಯ್ಲುಗಳನ್ನು ಬೆರೆಸಿಬಿಟ್ಟಿದ್ದ ನನಗೆ ಕೆಟ್ಟ ಕೊಬ್ಬರಿ ಯಾವ ಕೊಯ್ಲಿನದೆಂದೇ ತಿಳಿಯಲಿಲ್ಲ. ಈಗ ಪ್ರತಿ ಕೊಯ್ಲನ್ನೂ ಬೇರೆಯಾಗಿ ಹಾಕಿ ತಿಂಗಳು ಬರೆದ ಚೀಟಿ ಕಟ್ಟುತ್ತೇನೆ.