ಸೂಜಿ ಚುಚ್ಚಿಸಿಕೊಳ್ಳಿ, ಪಂಪು ಬಿಸಾಡಬೇಡಿ

ಸಿಂಧನೂರಿನಲ್ಲಿ ನೆಲ್ಲು ಕಟಾವಿಗೆ ಬಂತೆಂದರೆ ದಮ್ಮಿನವರಿಗೆ ರಾತ್ರಿ ನಿದ್ದೆಯಿಲ್ಲ. ಮಷಿನ್ನಿನ ಧೂಳು, ರೈಸ್ ಮಿಲ್ಲಿನ ಹೊಟ್ಟು, ಸುಟ್ಟ ಹುಲ್ಲಿನ ಹೊಗೆ. ಇಂಥ ಹೊತ್ತಿಗೇ ಯಾರೋ ಬಂದು, ಚೀನಾದ ಸೂಜಿ ಚಿಕಿತ್ಸೆಯಂತೆ, ಹತ್ತು ಸಲ ಹೋದರೆ ದಮ್ಮು ಬುಡಸಮೇತ ಹೋಗುತ್ತದಂತೆ ಅನ್ನುತ್ತಾರೆ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅಕ್ಯುಪಂಕ್ಚರಿನಿಂದ ದಮ್ಮು ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಅದನ್ನು ನಂಬಿ ಡಾಕ್ಟರು ಕೊಟ್ಟ ಪಂಪು (ಇನ್‌ಹೇಲರ್) ಬಿಡುತ್ತೀರಲ್ಲ, ಎಡವುವುದು ಅಲ್ಲೇ. ಹಾಗೆ ಪಂಪು ಬಿಟ್ಟ ನಮ್ಮ ಓಣಿಯ ಹಮಾಲರೊಬ್ಬರು ನಡುರಾತ್ರಿ ಎದೆ ಸಿಳ್ಳೆ ಹೊಡೆಯುತ್ತ ಎದ್ದು ಕೂತರು. ಹೆಂಡತಿ ಟ್ರಂಕಿನ ಅಡಿಯಿಂದ ಪಂಪು ಹುಡುಕಿ ಕೊಟ್ಟರೆ, ಒತ್ತಿದಾಗ ಬರೀ ಟಕ್ ಟಕ್ ಶಬ್ದ. ಖಾಲಿ!

ಚುಚ್ಚಿಸಿಕೊಳ್ಳಲು ಹೋದರೆ, ಸೂಜಿಯನ್ನು ನಿಮ್ಮೆದುರೇ ಹೊಸ ಪ್ಯಾಕೆಟ್ಟಿನಿಂದ ತೆಗೆಯಲಿ. ಎದೆಗೆ ಆಳವಾಗಿ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೇ ತಾಗುವುದುಂಟು. ಆಮೇಲೆ ಎದೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆಗೆ ನಡೆಯಿರಿ. ಹೆಸರಿಲ್ಲದ ಪೊಟ್ಟಣದ ಪುಡಿ ಬೇಡವೇ ಬೇಡ. ಎರಡೇ ದಿನಕ್ಕೆ ಆರಾಮ ಕೊಟ್ಟಿತೆಂದರೆ ಸ್ಟಿರಾಯ್ಡ್ ಬೆರೆಸಿರಬಹುದು, ಶುಗರ್ ಏರೀತು. ಚೀನೀ ಮೂಲಿಕೆ ಮಾ ಹುವಾಂಗ್‌ನಲ್ಲಿರುವ ಎಫೆಡ್ರಿನ್ ಬಿಪಿ ಏರಿಸುತ್ತದೆ.

ಲಿಂಗಸುಗೂರು ಕಡೆ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದವರಿಗೆ ಇನ್ನೊಂದು ಮಾತು: ಶ್ವಾಸಕೋಶದಲ್ಲಿ ಕೂತ ಕಲ್ಲಿನ ಧೂಳನ್ನು ಯಾವ ಸೂಜಿಯೂ ಹೊರಗೆ ತೆಗೆಯದು, ಎಕ್ಸ್‌ರೇ ಮಾಡಿಸಿ. ಮಸ್ಕಿಯವರೇ ಆಗಲಿ, ಯಾವ ಊರಿನವರೇ ಆಗಲಿ, ಕೆಮ್ಮು 2 ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ದುಡ್ಡು ಕೇಳುವುದಿಲ್ಲ.