ಹೆಸರಿನಲ್ಲಿ ಅರಳಿದ ಹೂಗಳು



ಅರಸೀಕೆರೆ ಅಂದರೆ ಅರಸಿಯ ಕೆರೆ. ಹಳೇಬೀಡು ಅಂದರೆ ಹಳೆಯ ಬೀಡು. ಊರಿನ ಹೆಸರನ್ನು ಬಿಡಿಸಿದರೆ ಹೀಗೆ ಅರ್ಥ ಸಿಗುತ್ತದೆ. ನಮ್ಮ ಹಾಜರಿ ಪುಸ್ತಕದ ಹೆಸರುಗಳನ್ನೂ ಹಾಗೇ ಬಿಡಿಸಿ ನೋಡೋಣ ಬನ್ನಿ. ಈ ಸಲ ಹೂವಿನ ಹೆಸರುಗಳು.

1) ತಾವರೆ: ಸಂಸ್ಕೃತದಲ್ಲಿ ‘ಜ’ ಅಂದರೆ ಹುಟ್ಟಿದ್ದು. ಸರಸ್ಸು ಅಂದರೆ ಕೆರೆ, ಅದರಲ್ಲಿ ಹುಟ್ಟಿದ್ದು ಸರೋಜ. ಅಂಬು, ಜಲ, ನೀರ ಅಂದರೆ ನೀರು. ಅದರಿಂದ ಅಂಬುಜ, ಜಲಜ, ನೀರಜ. ಪಂಕ ಅಂದರೆ ಕೆಸರು. ಕೆಸರಿನಲ್ಲಿ ಹುಟ್ಟಿದ್ದು ಪಂಕಜ. ಪದ್ಮ, ಕಮಲ, ಗಂಡುಮಕ್ಕಳ ರಾಜೀವ, ಅರವಿಂದ ಎಲ್ಲವೂ ತಾವರೆಯೇ. ಸರೋಜಮ್ಮ, ಅಂಬುಜಮ್ಮ, ಪದ್ಮಮ್ಮ ಅಂತ ಒಂದೇ ಮನೆಯಲ್ಲಿ ಮೂವರಿದ್ದರೆ ಮೂವರದೂ ಒಂದೇ ಹೂವು!

ಈ ಹೆಸರು ನಮ್ಮ ಸೀಮೆಗೆ ಹೊಸದಲ್ಲ. ಹೊಯ್ಸಳ ದೊರೆ ಒಂದನೇ ಬಲ್ಲಾಳ 1103ರಲ್ಲಿ ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳನ್ನು ಮದುವೆಯಾದನು. ಅವರಲ್ಲಿ ಒಬ್ಬಳು ಪದ್ಮಲದೇವಿ.

2) ತತ್ಸಮ – ತದ್ಭವ: ವ್ಯಾಕರಣದ ಪಾಠ ನೆನಪು ಮಾಡಿಕೊಳ್ಳಿ.

ಮಲ್ಲಿಕಾ – ಮಲ್ಲಿಗೆ
ಚಂಪಕ – ಸಂಪಿಗೆ
ಕೇತಕಿ – ಕೇದಗೆ
ಜಾತಿ – ಜಾಜಿ

ಮುಡಿಯುವಾಗ ಮಲ್ಲಿಗೆ ಅಂತೀವಿ, ಹೆಸರಿಡುವಾಗ ಮಾತ್ರ ಮಲ್ಲಿಕಾ ಅಂತೀವಿ. ಹೂವು ಒಂದೇ ಅಲ್ಲವೇ?

3) ಹೂವಮ್ಮ: ಇದು ಅಚ್ಚ ಕನ್ನಡದ ಹೆಸರು. ಹಳಗನ್ನಡದಲ್ಲಿ ಹೂವಿಗೆ ‘ಪೂ’ ಎನ್ನುತ್ತಿದ್ದರು. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಹಾಗೆಯೇ ಪೂವು ಹೂವಾಯಿತು. ತಮಿಳು, ತುಳು, ಕೊಡವ ಭಾಷೆಗಳಲ್ಲಿ ‘ಪೂ’ ಹಾಗೇ ಉಳಿದಿದೆ. ಅದಕ್ಕೇ ನಮ್ಮ ಕಡೆ ಹೂವಮ್ಮ, ಕೊಡಗಿನ ಕಡೆ ಪೂವಮ್ಮ. 2014ರ ಏಷ್ಯನ್ ಕ್ರೀಡಾಕೂಟದಲ್ಲಿ 4×400 ಮೀಟರ್ ರಿಲೇ ಓಡಿ ಚಿನ್ನ ಗೆದ್ದ ತಂಡದಲ್ಲಿ ಎಂ.ಆರ್. ಪೂವಮ್ಮ ಇದ್ದರು. ಗಂಡಸರಿಗೂ ಈ ಹೆಸರುಂಟು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯ ನಾಯಕನ ಹೆಸರು ಹೂವಯ್ಯ.

ಆದರೂ ಹೂವಮ್ಮ ಅಂದರೆ ಹಳೇ ಕಾಲದ ಹೆಸರು ಅಂತ ಕೆಲವರು ಆಡ್ಕೊಳ್ತಾರೆ. ಪುಷ್ಪ, ಸುಮ, ಕುಸುಮ ಅಂದರೆ ಯಾರೂ ನಗೋದಿಲ್ಲ. ನಾಲ್ಕಕ್ಕೂ ಅರ್ಥ ಹೂವು ಅಂತಲೇ! ಹಾಗಾದರೆ ನಗು ಯಾತಕ್ಕೆ? ನಮ್ಮ ಭಾಷೆಯಲ್ಲಿ ಇದೆ ಅನ್ನೋದಕ್ಕೇ?

ಹೂವಿನ ಹೆಸರಿಡುವುದು ನಮ್ಮಲ್ಲಿ ಮಾತ್ರ ಅಲ್ಲ. ಯುರೋಪಿನ ಬಲ್ಗೇರಿಯ ದೇಶದ ಭಾಷೆಯಲ್ಲಿ ಹೂವಿಗೆ ‘ತ್ಸ್ವೆತೆ’ ಎನ್ನುತ್ತಾರೆ. ಅಲ್ಲಿ ಹುಡುಗನಿಗೆ ತ್ಸ್ವೆತಾನ್, ಹುಡುಗಿಗೆ ತ್ಸ್ವೆತಾನಾ ಎಂದು ಹೆಸರಿಡುತ್ತಾರೆ. ನಮ್ಮ ಹೂವಯ್ಯ, ಹೂವಮ್ಮ ಇದ್ದ ಹಾಗೆ! ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಭಾನುವಾರ ಹೂವಿನ ಹೆಸರಿನವರಿಗೆಲ್ಲ ಅಲ್ಲಿ ಹೆಸರಿನ ಹಬ್ಬ. ಆ ದಿನ ಅವರಿಗೆ ಎಲ್ಲರೂ ಶುಭ ಕೋರುತ್ತಾರೆ. ಅವರು ತಮ್ಮ ಮಾತಿನ ಹೂವಿಗೆ ಹಬ್ಬ ಮಾಡುತ್ತಾರೆ, ನಾವು ನಗುವುದೇ?

ಮಾಡಿ ನೋಡಿ: ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರು ಕೇಳಿ ಬರೆದುಕೊಳ್ಳಿ. ಹೂವಿನ ಹೆಸರಿದ್ದರೆ ಯಾವ ಹೂವು, ಕನ್ನಡವೋ ಸಂಸ್ಕೃತವೋ ಎಂದು ಕನ್ನಡ ಮೇಷ್ಟ್ರನ್ನು ಕೇಳಿ ಪಕ್ಕದಲ್ಲಿ ಬರೆಯಿರಿ. ಹೊಸ ಮಕ್ಕಳಿಗೆ ಇಂಥ ಹೆಸರು ಇಡೋರು ಕಡಿಮೆಯಾಗಿದ್ದಾರೆ. ಕೇಳುವುದಾದರೆ ಅಜ್ಜಿ ಇರುವಾಗಲೇ ಕೇಳಬೇಕು.