ಮೊದಲು ಆಡಿದ ಆಟ ನಮ್ಮನ್ನು ಬಿಡುತ್ತದೆಯೇ?



ಈ ಸಲದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಸಣ್ಣ ವಿಷಯ ದೊಡ್ಡದಾಯಿತು. ಎರಡನೇ ತರಗತಿ ಓದುವ ನನ್ನ ತಮ್ಮ ‘ನನಗೂ ಒಂದು ಗೇಮ್ ಹಾಕಿಕೊಡಿ’ ಎಂದು ಅಬ್ಬಾನ ಬೆನ್ನು ಬಿದ್ದ. ಅಬ್ಬಾ ಫೋನನ್ನು ನನ್ನ ಕೈಗೆ ಕೊಟ್ಟು, ‘ನೀನು ಇದರಲ್ಲೇ ಬೆಳೆದವನಲ್ಲವಾ, ಯಾವುದು ಒಳ್ಳೇದೋ ನೋಡಿ ಹಾಕು’ ಅಂದರು. ಅರ್ಧ ಗಂಟೆ ಹುಡುಕಿದರೂ ನನಗೆ ಒಂದನ್ನೂ ಆರಿಸಲು ಆಗಲಿಲ್ಲ. ಆಟಗಳು ಕಡಿಮೆ ಇದ್ದವೆಂದಲ್ಲ. ಇದು ಅವನ ಮೊದಲ ಆಟ ಎಂಬ ಯೋಚನೆ ನನ್ನನ್ನು ತಡೆಯಿತು. ನನ್ನ ಮೊದಲ ಆಟ ನನ್ನಲ್ಲಿ ಏನೇನು ಬಿಟ್ಟು ಹೋಗಿದೆ ಎಂದು ನನಗೆ ಗೊತ್ತು.

ಅದಕ್ಕೇ ರಜೆಯಲ್ಲಿ ಮನೆಯವರನ್ನು, ನೆಂಟರನ್ನು, ಗೆಳೆಯರನ್ನು ಎರಡು ಪ್ರಶ್ನೆ ಕೇಳುತ್ತಾ ಹೋದೆ. ನೀವು ಮೊದಲು ಮನಸ್ಸಿಟ್ಟು ಆಡಿದ ಆಟ ಯಾವುದು? ಈಗ ಎಂಥ ಆಟ ಇಷ್ಟ? ಉತ್ತರಗಳನ್ನು ಕೇಳಿದ ಮೇಲೆ ಸ್ವಲ್ಪ ಓದಿಕೊಂಡೆ. ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೂರು ಊರು, ಮೂರು ಆಟ

ಅಜ್ಜಂಪುರದ ನನ್ನ ನಾನಿ ಚಿಕ್ಕವರಿದ್ದಾಗ ಆಡಿದ್ದು ಅಳಗುಳಿ ಮನೆ. ಮರದ ಹಲಗೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು, ಆಡಲು ಹುಣಸೆ ಬೀಜ. ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ನಾನಿಗೆ ನನ್ನ ಫೋನಿನ ಆಟಗಳನ್ನು ತೋರಿಸಿದೆ. ಬಣ್ಣದ ಮಿಠಾಯಿ ಜೋಡಿಸುವ ಆಟ ಸ್ವಲ್ಪ ಹೊತ್ತು ಹಿಡಿಸಿತು. ಸಮಯ ಓಡುವ ಗಡಿಯಾರ ಬಂದ ಕೂಡಲೇ ಫೋನ್ ಕೆಳಗಿಟ್ಟರು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ, ‘ಯೋಚನೆ ಮಾಡಲು ಬಿಡದಿದ್ದರೆ ಅದೆಂಥ ಆಟ?’

ತರೀಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಾಮು ಹುಡುಗರಾಗಿದ್ದಾಗ, ಶಿವಮೊಗ್ಗದಿಂದ ತಂದ ಟಿ.ವಿ. ಗೇಮ್ ಮನೆಯಲ್ಲಿತ್ತಂತೆ. ಹಳದಿ ಕ್ಯಾಸೆಟ್, ಎರಡು ರಿಮೋಟ್, ಬಾತುಕೋಳಿ ಹೊಡೆಯಲು ಒಂದು ಪ್ಲಾಸ್ಟಿಕ್ ಬಂದೂಕು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ಅಗ್ಗದ ನಕಲುಗಳು ಅವು. ಅಸಲಿ ಯಂತ್ರವನ್ನು ನಮ್ಮೂರಿನವರು ಕಂಡವರಲ್ಲ, ಮಾರಿಯೋನನ್ನು ಕಾಣದವರೂ ಇರಲಿಲ್ಲ. ಮಾಮು ಮತ್ತು ಪಕ್ಕದ ಮನೆಯ ಗೆಳೆಯ ಒಂದೇ ಟಿ.ವಿ. ಮುಂದೆ ಕೂತು ಮಾರಿಯೋ, ಕಾಂಟ್ರಾ ಆಡಿದರು. ಇವತ್ತಿಗೂ ಮಾಮುವಿನ ಫೋನಿನಲ್ಲಿರುವುದು ಓಡುವ, ಜಿಗಿಯುವ, ಒಂದೊಂದೇ ಹಂತ ದಾಟುವ ಆಟಗಳು. ಗುರುತಿಲ್ಲದವರ ಜೊತೆ ಆಡಿಸುವ ಆಟವನ್ನು ಅವತ್ತೇ ಅಳಿಸಿಬಿಡುತ್ತಾರೆ. ‘ಆಟಕ್ಕೆ ಒಂದು ಕೊನೆ ಇರಬೇಕು ಕಣೋ. ಮಾರಿಯೋ ರಾಜಕುಮಾರಿಯನ್ನು ಬಿಡಿಸಿದ ಮೇಲೆ ನಾವು ಟಿ.ವಿ. ಆರಿಸಿ ಊಟಕ್ಕೆ ಹೋಗುತ್ತಿದ್ದೆವು’ ಎನ್ನುತ್ತಾರೆ.

ಇನ್ನು ಕಡೂರಿನ ನಾನು. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠಕ್ಕೆಂದು ಸಿಕ್ಕ ಫೋನಿನಲ್ಲಿ ಪಬ್‌ಜಿ ಕಲಿತೆ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಒಬ್ಬನೋ ಒಂದು ತಂಡವೋ ಉಳಿಯುತ್ತದೆ. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಪಬ್‌ಜಿಯೂ ಇತ್ತು. ಏಳನೇ ತರಗತಿಯ ನಾನು ಅವತ್ತು ಅತ್ತಿದ್ದೆ. 2021ರ ಜುಲೈನಲ್ಲಿ ಅದೇ ಬಗೆಯ ಬಿಜಿಎಂಐ ಬಂತು, ಅದನ್ನು ಹಿಡಿದೆ. 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ನಡುವೆ ಬೇರೆ ಎಷ್ಟೋ ಆಟ ಹಾಕಿ ನೋಡಿದೆ. ಚೆನ್ನಾಗಿವೆ ಎನಿಸಿದರೂ ಎರಡು ದಿನಕ್ಕೆ ಬೇಸರ. ಕೊನೆಗೆ ಉಳಿಯುತ್ತಿದ್ದದ್ದು ರ‍್ಯಾಂಕ್ ಇರುವ, ಬೇಗ ಮುಗಿದು ಮತ್ತೆ ಬೇಗ ಶುರುವಾಗುವ ಆಟಗಳೇ.

ಈ ಮೂವರನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಒಂದು ವಿಷಯ ಹೊಳೆಯಿತು. ಮೊದಲ ಆಟ ನಮಗೆ ಹೇಳಿಕೊಡುವುದು ಬರೀ ಆ ಆಟವನ್ನಲ್ಲ. ‘ಆಟ ಎಂದರೆ ಹೀಗಿರಬೇಕು’ ಎಂಬ ಅಳತೆಯನ್ನೇ ಅದು ನಮ್ಮ ಕೈಗೆ ಕೊಡುತ್ತದೆ. ಆಮೇಲೆ ಬಂದ ಆಟಗಳನ್ನೆಲ್ಲ ನಾವು ಅದರಲ್ಲೇ ಅಳೆಯುತ್ತೇವೆ.

ಹೀಗೇಕೆ ಆಗುತ್ತದೆ?

ಒಂದನೆಯದು ಬೆರಳುಗಳ ನೆನಪು. ಸೈಕಲ್ ಕಲಿತವರು ಮರೆಯುವುದಿಲ್ಲ ಎನ್ನುತ್ತೇವಲ್ಲ, ಹಾಗೆ. ಮತ್ತೆ ಮತ್ತೆ ಮಾಡಿದ ಕೈಚಲನೆ ಯೋಚನೆಯಿಲ್ಲದೆ ನಡೆಯತೊಡಗುತ್ತದೆ. ಹೊಸ ಆಟದಲ್ಲಿ ಅದೇ ಚಲನೆ ಕೆಲಸಕ್ಕೆ ಬಂದರೆ ಸುಲಭ ಎನಿಸುತ್ತದೆ, ಬಾರದಿದ್ದರೆ ಆಟವೇ ಸರಿಯಿಲ್ಲ ಎನಿಸುತ್ತದೆ. ನಿಯಮಗಳಿಗೂ ಇದೇ ಮಾತು. ನಮ್ಮ ಪಕ್ಕದ ಮನೆಯ ಅಜ್ಜಿ ಚೌಕಾಬಾರ ಆಡಿ ಬೆಳೆದವರು. ಮೊಮ್ಮಗಳು ಲೂಡೋ ಕಿಂಗ್ ತೋರಿಸಿದಾಗ ಹೇಳಿಕೊಡುವ ಅಗತ್ಯವೇ ಬರಲಿಲ್ಲ. ಕಾಯಿ ಸುತ್ತುವುದು, ಕಡಿಯುವುದು, ಕಟ್ಟೆಯಲ್ಲಿ ಕೂತರೆ ಯಾರೂ ಮುಟ್ಟದಿರುವುದು, ಎಲ್ಲ ಗೊತ್ತಿದ್ದದ್ದೇ. ಲೂಡೋ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟವಾದರೂ, ಅದರ ಮೂಲ ನಮ್ಮ ದೇಶದ ಪಚ್ಚೀಸಿ. ಅಜ್ಜಿಗೆ ಸಿಕ್ಕಿದ್ದು ಹಳೆಯ ನೆಂಟರೇ.

ಎರಡನೆಯದು ಪರಿಚಯ. ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಒಂದು ವಸ್ತುವನ್ನು ಮತ್ತೆ ಮತ್ತೆ ಕಂಡಷ್ಟಕ್ಕೇ ಅದರ ಮೇಲೆ ಒಲವು ಹೆಚ್ಚುತ್ತದೆ ಎಂದು ತೋರಿಸಿದವು. ಅರ್ಥ ಗೊತ್ತಿಲ್ಲದ ಅಕ್ಷರಗಳ ವಿಷಯದಲ್ಲೂ ಹಾಗೇ ಆಯಿತು. ಹಾಗಿದ್ದರೆ ಸಾವಿರ ಸಲ ಕೇಳಿದ ಮಾರಿಯೋ ಸಂಗೀತದ ಗತಿಯೇನು!

ಮೂರನೆಯದು ವಯಸ್ಸು. ದೊಡ್ಡವರಿಗೆ ತಮ್ಮ ಬಾಳಿನ ನೆನಪುಗಳಲ್ಲಿ ಹದಿಹರೆಯದಿಂದ ಇಪ್ಪತ್ತರ ಕೊನೆಯವರೆಗಿನವು ಹೆಚ್ಚು ದಟ್ಟವಾಗಿರುತ್ತವೆ. 1989ರಲ್ಲಿ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು ಹಾಡುಗಳ ಬಗ್ಗೆ ಅಧ್ಯಯನ ಮಾಡಿದಾಗ, ಜನ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 23-24 ವರ್ಷವಿದ್ದಾಗ ಬಂದ ಹಾಡುಗಳನ್ನು. ಆಟಕ್ಕೂ ಹಾಡಿಗೂ ವ್ಯತ್ಯಾಸವಿದೆ ನಿಜ. ಆದರೆ ರುಚಿ ಗಟ್ಟಿಯಾಗುವ ಒಂದು ಕಾಲ ಇದೆ, ಪಿಯುಸಿಯಲ್ಲಿರುವ ನಾವು ಆ ಕಾಲದ ಒಳಗೇ ಇದ್ದೇವೆ.

ಆಟ ಮಾಡುವವರಲ್ಲೂ ಇದು ಕಾಣುತ್ತದೆ. ಪೋಕೆಮಾನ್ ರೂಪಿಸಿದ ಸತೋಶಿ ತಜಿರಿ ಹುಡುಗನಾಗಿದ್ದಾಗ ಹುಳು ಹಿಡಿದು ಕೂಡಿಡುವ ಹವ್ಯಾಸದವರು. 1996ರಲ್ಲಿ ಬಂದ ಅವರ ಆಟವೂ ಹುಡುಕು, ಹಿಡಿ, ಕೂಡಿಡು ಎಂಬುದೇ. ಮಾರಿಯೋ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಕಾಡು, ಗುಹೆ ಸುತ್ತಿದವರು. ಆ ಸುತ್ತಾಟವೇ ತಮ್ಮ ಜೆಲ್ಡಾ ಆಟಕ್ಕೆ ಪ್ರೇರಣೆ ಎಂದು ಅವರೇ ಹೇಳಿದ್ದಾರೆ.

ಆಟ ಏನನ್ನು ಬಯಸಲು ಕಲಿಸುತ್ತದೆ?

1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಪರದೆ ನೆನಪಿಸಿಕೊಳ್ಳಿ. ಮಾರಿಯೋ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಖಾಲಿ ಜಾಗ. ಯಾರೂ ಹೇಳದೆಯೇ ನಾವು ಬಲಕ್ಕೆ ನಡೆಯುತ್ತೇವೆ. ಎದುರಿಗೊಂದು ಶತ್ರು ಬರುತ್ತದೆ, ಮುಟ್ಟಿದರೆ ಸಾಯುತ್ತೇವೆ, ಮುಂದಿನ ಸಲ ಜಿಗಿಯುತ್ತೇವೆ. ತಪ್ಪು ಮಾಡು, ಕಾರಣ ಕಾಣು, ತಿದ್ದಿಕೋ ಎಂಬ ಪಾಠ ಅದು.

ನನ್ನ ಆಟದಲ್ಲೂ ಕೌಶಲವಿದೆ, ತಂಡದಲ್ಲಿ ಆಡುವುದನ್ನು ಅಲ್ಲೇ ಕಲಿತೆ. ಆದರೆ ಅದರಲ್ಲಿ ಇನ್ನೊಂದು ಎಳೆಯೂ ಇದೆ. ಈ ಮನೆಯೊಳಗೆ ಯಾವ ಬಂದೂಕು ಸಿಗುತ್ತದೋ, ಈ ಪೆಟ್ಟಿಗೆಯಲ್ಲಿ ಯಾವ ಬಟ್ಟೆ ಇದೆಯೋ ಗೊತ್ತಿಲ್ಲ. ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂದು ಗೊತ್ತಿಲ್ಲದಿದ್ದಾಗ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ‘ಇನ್ನೊಂದೇ ಮ್ಯಾಚ್’ ಎನ್ನುವಾಗ ನಾನೂ ಅದನ್ನೇ ಮಾಡುತ್ತಿದ್ದೆ.

ಇದರ ಬೆಲೆ ತಿಳಿದದ್ದು ಪ್ರಥಮ ಪಿಯುಸಿಯ ಗಣಿತದಲ್ಲಿ. ಒಂದು ಲೆಕ್ಕ ಹತ್ತು ನಿಮಿಷದಲ್ಲಿ ಬಿಡಿಸಲಾಗದಿದ್ದರೆ ನಾನು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ, ಅದನ್ನೂ ಬಿಡುತ್ತಿದ್ದೆ. ಪರೀಕ್ಷೆಯಲ್ಲಿ ಫೇಲಾದೆ. ಉಪನ್ಯಾಸಕರು ಉತ್ತರ ಪತ್ರಿಕೆ ತಿರುವಿ ನೋಡಿ, ‘ನಿನಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಎಲ್ಲವನ್ನೂ ಶುರು ಮಾಡಿದ್ದೀಯ, ಒಂದನ್ನೂ ಮುಗಿಸಿಲ್ಲ’ ಅಂದರು. ಆಟದ ರುಚಿ ಆಟದಲ್ಲೇ ನಿಂತಿರಲಿಲ್ಲ.

ಇದನ್ನು ಕಾಯಿಲೆ ಎಂದು ಹೆಸರಿಡಲು ಆತುರ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಸೇರಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ನಷ್ಟ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬರಬೇಕು. ಅಂಥ ಸ್ಥಿತಿ ಯಾರಿಗಾದರೂ ಇದ್ದರೆ ನಾಚಿಕೆ ಪಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ.

ಹಾಗಾದರೆ ಬದಲಾಗಲು ಸಾಧ್ಯವಿಲ್ಲವೇ?

ಸಾಧ್ಯವಿದೆ. ಮೊದಲ ಆಟವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವುದೂ ತಪ್ಪು. ಕೆಲವು ಆಟಗಾರರು ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ನೋಟ ಕೆಳಕ್ಕೆ ಹೋಗುವಂತೆ ಇಟ್ಟುಕೊಳ್ಳುತ್ತಾರೆ. ಕೇಳಿದರೆ, ‘ಮೊದಲು ವಿಮಾನದ ಆಟ ಆಡಿದ್ದೆ, ಅದೇ ರೂಢಿ’ ಎಂಬಂಥ ಉತ್ತರ ಬರುತ್ತದೆ. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ, ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ವೇಗದಂಥ ಸಂಗತಿಗಳು ಆ ಆಯ್ಕೆಗೆ ಹೆಚ್ಚು ಹತ್ತಿರದ ಕಾರಣವಾಗಿ ಕಂಡವು. ನಮ್ಮ ರುಚಿಯ ಕಾರಣವನ್ನು ನಾವೇ ತಪ್ಪಾಗಿ ಹೇಳುವುದೂ ಉಂಟು.

ನನ್ನ ಚಿಕ್ಕಪ್ಪನ ಮಗಳು ಆಪಾ ನನ್ನ ಜೊತೆಗೇ ಪಬ್‌ಜಿ ಆಡಿದವಳು. ನಿಷೇಧವಾದ ಮೇಲೆ ಚೆಸ್ ಹಿಡಿದವಳು ಇನ್ನೂ ಬಿಟ್ಟಿಲ್ಲ. ಅವಳಿಗೆ ಪಕ್ಕದಲ್ಲಿ ಕೂತು ಆಡುವ ತಂದೆ ಇದ್ದರು. ನನಗೆ ಇದ್ದದ್ದು ಕದ ಹಾಕಿದ ಕೋಣೆ. ಯಾವ ಆಟ ಎನ್ನುವುದರಷ್ಟೇ ಯಾರ ಜೊತೆ ಎನ್ನುವುದೂ ಮುಖ್ಯ ಎಂದು ನನಗೆ ಅನಿಸಿದ್ದು ಇದರಿಂದ.

ತಮ್ಮನಿಗೆ ಆರಿಸಿದ್ದು

ಕೊನೆಗೆ ನಾಲ್ಕು ಪ್ರಶ್ನೆ ಬರೆದುಕೊಂಡೆ. ಆಟಕ್ಕೆ ಕೊನೆ ಇದೆಯೇ? ಸೋತರೆ ಏಕೆ ಸೋತೆ ಎಂದು ತಿಳಿಯುತ್ತದೆಯೇ? ಪಕ್ಕದಲ್ಲಿ ಇನ್ನೊಬ್ಬರು ಕೂತು ಆಡಬಹುದೇ? ಹಣ ಕೇಳುತ್ತದೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂದಾದರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನಂತೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ.

ಫೋನಿನಲ್ಲಿ ಏನನ್ನೂ ಹಾಕಲಿಲ್ಲ. ಮಾಮು ಅಂಗಡಿಯ ಅಟ್ಟದಿಂದ ಹಳೆಯ ಟಿ.ವಿ. ಗೇಮ್ ಇಳಿಸಿ, ತಂತಿ ಬೆಸೆದು ಕೊಟ್ಟರು. ನಾನಿ ಅಳಗುಳಿ ಮನೆಯನ್ನೂ ಕಳಿಸಿದರು. ತಮ್ಮ ಮೊದಲ ದಿನ ಮಾರಿಯೋನ ಮೊದಲ ಗುಂಡಿಯಲ್ಲೇ ಹನ್ನೊಂದು ಸಲ ಬಿದ್ದ. ಪಕ್ಕದಲ್ಲಿ ಕೂತಿದ್ದ ನನಗೆ ರಿಮೋಟ್ ಕಿತ್ತುಕೊಂಡು ದಾಟಿಸಿಬಿಡೋಣ ಎನಿಸಿತು. ತಡೆದುಕೊಂಡೆ. ಹನ್ನೆರಡನೇ ಸಲ ಅವನೇ ದಾಟಿದ. ಆ ಸಂಜೆ ನಾನು ಬಿಟ್ಟಿದ್ದ ಒಂದು ಲೆಕ್ಕವನ್ನು ಮತ್ತೆ ತೆಗೆದೆ. ನಲವತ್ತು ನಿಮಿಷ ಹಿಡಿಯಿತು, ಮುಗಿಸಿದೆ.

ಗೆಳೆಯರೇ, ನೀವೂ ಒಂದು ಹಾಳೆಯಲ್ಲಿ ಬರೆದು ನೋಡಿ. ನಿಮ್ಮ ಮೊದಲ ಆಟ, ಯಾರ ಜೊತೆ ಆಡಿದಿರಿ, ಈಗಿನ ಇಷ್ಟದ ಆಟ, ಎರಡಕ್ಕೂ ಸಮಾನವಾದ ಒಂದು ಗುಣ. ಆಮೇಲೆ ಅದೇ ಗುಣ ನಿಮ್ಮ ಓದಿನಲ್ಲಿ ಎಲ್ಲಿದೆ ಎಂದು ಹುಡುಕಿ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ, ಅವರ ಮೊದಲ ಆಟವನ್ನು ನೀವೇ ಪಕ್ಕದಲ್ಲಿ ಕೂತು ಆಡಿಸಿ.